ಕರ್ಣ ಬೆಳೆಯಿತು, ಅಗಲ ಬೆಳೆಯಲಿಲ್ಲ

ಮೊಬೈಲ್ ಅಂಗಡಿಗೆ ಹೋಗಿ ‘ಸ್ವಲ್ಪ ದೊಡ್ಡ ಸ್ಕ್ರೀನ್ ಇರೋದು ತೋರ್ಸಿ’ ಎಂದರೆ ಕೌಂಟರಿನ ಹುಡುಗ ತಟ್ಟನೆ ಅಂಕಿಗಳನ್ನು ಹೇಳತೊಡಗುತ್ತಾನೆ. ಆರು ಪಾಯಿಂಟ್ ಐದು, ಆರು ಪಾಯಿಂಟ್ ಏಳು, ಇನ್ನೂ ದೊಡ್ಡದು ಬೇಕಾ ಸಾರ್, ಆರು ಪಾಯಿಂಟ್ ಒಂಬತ್ತು. ಡಬ್ಬದ ಮೇಲೆ ಅದೇ ಅಂಕಿ, ಜಾಹೀರಾತಿನಲ್ಲಿಯೂ ಅದೇ. ಆ ಒಂದು ಅಂಕಿಯನ್ನು ನಂಬಿ ಸಾವಿರಾರು ರೂಪಾಯಿ ಕೊಡುತ್ತೇವೆ. ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬುದು ಕೊಳ್ಳುವವರಿಗೆ ತಿಳಿದಿರಬೇಕು. ಫೋನಿನಲ್ಲಿ ಕನ್ನಡ ಓದುವವರಿಗೆ, ಬರೆಯುವವರಿಗೆ ಇದು ಇನ್ನೂ ಹೆಚ್ಚು ತಿಳಿದಿರಬೇಕು.

2011ರ ಸೆಪ್ಟೆಂಬರ್‌ನಲ್ಲಿ ಬರ್ಲಿನ್‌ನ ಐಎಫ್‌ಎ ಮೇಳದಲ್ಲಿ ಸ್ಯಾಮ್‌ಸಂಗ್ ಕಂಪನಿ ಗ್ಯಾಲಕ್ಸಿ ನೋಟ್ ಎಂಬ ಫೋನನ್ನು ತೋರಿಸಿತು. 5.3 ಇಂಚಿನ ಪರದೆ, ಜತೆಗೊಂದು ಪೆನ್ನು. ಅದನ್ನು ಕಿವಿಗೆ ಹಿಡಿದವರನ್ನು ಆಗ ಜನ ತಿರುಗಿ ನೋಡುತ್ತಿದ್ದರು. ಈಚಿನ ದೈತ್ಯ ಫೋನ್‌ಗಳಾದ ಐಫೋನ್ 16 ಪ್ರೊ ಮ್ಯಾಕ್ಸ್, ಗ್ಯಾಲಕ್ಸಿ ಎಸ್25 ಅಲ್ಟ್ರಾ ಎರಡರ ಪರದೆಯೂ 6.9 ಇಂಚು. ನೋಟ್‌ಗಿಂತ 1.6 ಇಂಚು ಹೆಚ್ಚು. ಆದರೆ ಪರದೆಯ ಅಗಲವನ್ನು ಮಾತ್ರ ಲೆಕ್ಕ ಹಾಕಿ. ಹಳೆಯ ನೋಟ್‌ನದು ಸುಮಾರು 71 ಮಿಲಿಮೀಟರ್, ಈಗಿನ 6.9 ಇಂಚಿನದು ಸುಮಾರು 73. ಅಷ್ಟು ವರ್ಷಗಳಲ್ಲಿ ಅಡ್ಡಕ್ಕೆ ಸಿಕ್ಕಿದ್ದು ಎರಡೇ ಮಿಲಿಮೀಟರ್. ಮಿಕ್ಕಿದ್ದೆಲ್ಲ ಉದ್ದಕ್ಕೆ ಹೋಯಿತು: 114 ಮಿಲಿಮೀಟರ್ ಇದ್ದದ್ದು 159 ಆಯಿತು.

ಇಂಚಿನ ಅಂಕಿ ಪರದೆಯ ಕರ್ಣದ ಅಳತೆ, ಒಂದು ಮೂಲೆಯಿಂದ ಎದುರು ಮೂಲೆಗೆ. 30×40 ನಿವೇಶನದ ಕರ್ಣ 50 ಅಡಿ. 14 ಅಡಿ ಅಗಲ, 48 ಅಡಿ ಉದ್ದದ ಪಟ್ಟಿಯೊಂದಿದ್ದರೆ ಅದರ ಕರ್ಣವೂ ಸರಿಯಾಗಿ 50 ಅಡಿಯೇ. ಮೊದಲನೆಯದು 1,200 ಚದರಡಿ, ಎರಡನೆಯದು 672. ನಿವೇಶನ ಕೊಳ್ಳುವಾಗ ಯಾರೂ ಕರ್ಣ ಕೇಳುವುದಿಲ್ಲ, ಫೋನ್ ಕೊಳ್ಳುವಾಗ ಅದೊಂದನ್ನೇ ಕೇಳುತ್ತೇವೆ.

2014ರಲ್ಲಿ ಆಪಲ್ ತಂದ ಐಫೋನ್ 6 ಪ್ಲಸ್‌ನ ಪರದೆ 5.5 ಇಂಚು. ಅಗಲ-ಉದ್ದದ ಅನುಪಾತ 9ಕ್ಕೆ 16. ಇಂದು ಹದಿನೈದು ಸಾವಿರದ ಆಸುಪಾಸಿನಲ್ಲಿ ಸಿಗುವ ಫೋನ್‌ಗಳಲ್ಲಿ 6.5 ಇಂಚು ಸಾಮಾನ್ಯ, ಅನುಪಾತ ಹೆಚ್ಚಾಗಿ 9ಕ್ಕೆ 20. ಲೆಕ್ಕ ಹಾಕಿದರೆ ಹಳೆಯ 5.5 ಇಂಚಿನ ಪರದೆಯ ಅಗಲ 68.5 ಮಿಲಿಮೀಟರ್ ಬರುತ್ತದೆ, ಹೊಸ 6.5 ಇಂಚಿನದು 68ಕ್ಕೂ ತುಸು ಕಡಿಮೆ. ಕರ್ಣದಲ್ಲಿ ಒಂದು ಇಂಚು ದೊಡ್ಡದಾದ ಪರದೆ ಅಡ್ಡದಲ್ಲಿ ಕೂದಲೆಳೆಯಷ್ಟು ಕಿರಿದಾಗಿದೆ. ಹಳೆಯ ಫೋನ್ ಬದಲಿಸಿ ದೊಡ್ಡದು ತಂದವರು ‘ಅಕ್ಷರ ಅಷ್ಟೇನೂ ದೊಡ್ಡದಾಗಿಲ್ವಲ್ಲ’ ಎಂದು ಗೊಣಗಿದರೆ ಅವರ ಕಣ್ಣಿನಲ್ಲಿ ದೋಷವಿಲ್ಲ.

ಪರದೆ ದೊಡ್ಡದಾಗುತ್ತ ಬಂದದ್ದಕ್ಕೆ ಕಾರಣಗಳು ಬೇರೆ ಬೇರೆ. 2007ರ ಮೊದಲ ಐಫೋನ್‌ನ ಪರದೆ 3.5 ಇಂಚು. 2010ರಲ್ಲಿ ಡೆಲ್ ಕಂಪನಿ 5 ಇಂಚಿನ ಸ್ಟ್ರೀಕ್ ತಂದರೂ ಅದು ನಿಲ್ಲಲಿಲ್ಲ. ಕೈಯಲ್ಲಿ ಹಿಡಿಯಲಾಗದ ದೊಡ್ಡ ಫೋನನ್ನು ಯಾರೂ ಕೊಳ್ಳುವುದಿಲ್ಲ ಎಂದು ಅದೇ ವರ್ಷದ ಜುಲೈನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಹೇಳಿದ್ದರು. ಆಗಿನ ಮಟ್ಟಿಗೆ ಅದು ತಪ್ಪು ಮಾತಲ್ಲ, ಏಕೆಂದರೆ ಫೋನಿನಲ್ಲಿ ಮಾಡುವ ಕೆಲಸವೇ ಆಗ ಕಡಿಮೆ. ಆಮೇಲೆ 4ಜಿ ಬಂತು, ಅದರ ಬಿಡಿಭಾಗಗಳಿಗೆ, ದೊಡ್ಡ ಬ್ಯಾಟರಿಗೆ ಜಾಗ ಬೇಕಾಯಿತು, ಆ ಜಾಗದ ಮೇಲೆ ದೊಡ್ಡ ಪರದೆ ಕುಳಿತಿತು. ನಮ್ಮಲ್ಲಿ ಈ ಗಾತ್ರವನ್ನು ಸಾಮಾನ್ಯರ ಜೇಬಿಗೆ ತಂದದ್ದರಲ್ಲಿ ಮೈಕ್ರೋಮ್ಯಾಕ್ಸ್‌ಗೆ ದೊಡ್ಡ ಪಾಲಿದೆ. 2012ರ ಕೊನೆಯಲ್ಲಿ ಅದರ 5 ಇಂಚಿನ ಕ್ಯಾನ್ವಾಸ್ 2 ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಊರೂರಲ್ಲಿ ವಿಡಿಯೊ ನೋಡುವುದು ಶುರುವಾಯಿತು. ಮರುವರ್ಷವೇ ಅಂಚು ತೆಳುವಾದ, ನೀಳವಾದ ಪರದೆಗಳ ಕಾಲ ಬಂತು. ಕೈಗೆ ಅಗಲ ಹೆಚ್ಚಾಗಬಾರದು, ಡಬ್ಬದ ಮೇಲಿನ ಅಂಕಿ ಮಾತ್ರ ಹೆಚ್ಚಬೇಕು ಎಂದರೆ ಉದ್ದಕ್ಕೆ ಎಳೆಯುವುದೇ ದಾರಿಯಾಗಿತ್ತು.

ಒಂದರ ಕೆಳಗೊಂದು ಬರುವ ಪೋಸ್ಟುಗಳನ್ನು ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಹೋಗುವವರಿಗೆ ಈ ಉದ್ದ ಅನುಕೂಲ. ಕನ್ನಡಕ್ಕೆ ಬೇಕಾದದ್ದು ಅಗಲ.

ಕನ್ನಡದ ಸಾಲು ಮೂರು ಅಂತಸ್ತಿನದು. ನಡುವೆ ಅಕ್ಷರದ ಮೈ, ಮೇಲೆ ತಲೆಕಟ್ಟು ಮತ್ತು ಗುಣಿಸು, ಕೆಳಗೆ ಒತ್ತಕ್ಷರ. ‘ರಾಷ್ಟ್ರ’, ‘ಸ್ತ್ರೀ’, ‘ವೈಶಿಷ್ಟ್ಯ’ದಂಥ ಪದಗಳಲ್ಲಿ ಒತ್ತಿಗೆ ಇನ್ನೊಂದು ಒತ್ತು ಸೇರುತ್ತದೆ. ಇಂಗ್ಲಿಷ್ ಓದಲು ಸಾಕಾಗುವ ಅಳತೆಯಲ್ಲಿ ಕನ್ನಡ ಹಾಕಿದರೆ ಅಕ್ಷರದ ಮೈ ಕಾಣುತ್ತದೆ, ಒತ್ತು ಮಸುಕಾಗುತ್ತದೆ. ‘ಪತ್ರ’ವೋ ‘ಪತ್ತ’ವೋ ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಇನ್ನೊಂದು ತೊಡಕು. ನಮ್ಮ ಪದಗಳು ಪ್ರತ್ಯಯ ಹಚ್ಚಿಕೊಂಡು ಉದ್ದವಾಗುತ್ತವೆ. ‘ಹೇಳಿಕೊಳ್ಳಲಾಗದಿದ್ದುದರಿಂದ’ ಎಂಬುದು ಒಂದೇ ಪದ. ಪುಸ್ತಕ ಅಚ್ಚು ಮಾಡುವವರು ಇಂಥ ಪದವನ್ನು ಸಾಲಿನ ಕೊನೆಯಲ್ಲಿ ಮುರಿದು ಜೋಡಿಸುತ್ತಾರೆ. ಫೋನಿನ ಹೆಚ್ಚಿನ ಆ್ಯಪ್‌ಗಳು ಹಾಗೆ ಮಾಡುವುದಿಲ್ಲ. ಪದ ಹಿಡಿಸದಿದ್ದರೆ ಇಡಿಯಾಗಿ ಕೆಳಗಿನ ಸಾಲಿಗೆ ಇಳಿಸುತ್ತವೆ, ಮೇಲಿನ ಸಾಲು ಅರ್ಧ ಖಾಲಿ ಉಳಿಯುತ್ತದೆ. ಕಿರಿದಾದ ಪರದೆಯಲ್ಲಿ ದೊಡ್ಡ ಅಕ್ಷರ ಇಟ್ಟುಕೊಂಡು ಕತೆಯೊಂದನ್ನು ಓದಿದವರಿಗೆ ಈ ಅನುಭವ ಚೆನ್ನಾಗಿ ಗೊತ್ತು. ಸಾಲಿಗೆ ಎರಡೋ ಮೂರೋ ಪದ, ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಅದರ ಮೊದಲು ಮರೆತಿರುತ್ತದೆ. ಹೀಗಾಗಿ ಕನ್ನಡ ಓದುಗನಿಗೆ ದೊಡ್ಡ ಪರದೆ ಶೋಕಿಯ ವಸ್ತುವಲ್ಲ, ನಿಜವಾದ ಅಗತ್ಯ. ಇಂಗ್ಲಿಷ್ ಓದುಗನಿಗಿಂತ ಅವನಿಗೇ ಅದು ಹೆಚ್ಚು ಬೇಕು.

ಇದರ ಜತೆ ಪರದೆಯ ಚುಕ್ಕಿಗಳ ಸಾಂದ್ರತೆಯನ್ನೂ ನೋಡಬೇಕು. ಅಗ್ಗದ ಹಲವು ಫೋನ್‌ಗಳಲ್ಲಿ ‘ಎಚ್‌ಡಿ ಪ್ಲಸ್’ ಪರದೆ ಇರುತ್ತದೆ, ಅಂದರೆ ಅಡ್ಡಕ್ಕೆ 720 ಚುಕ್ಕಿ. 6.5 ಇಂಚಿನ ಪರದೆಗೆ ಇದು ಇಂಚಿಗೆ ಸುಮಾರು 270 ಚುಕ್ಕಿಯಾಯಿತು. ‘ಫುಲ್ ಎಚ್‌ಡಿ ಪ್ಲಸ್’ ಆದರೆ ಅಡ್ಡಕ್ಕೆ 1080, ಇಂಚಿಗೆ 400ರ ಹತ್ತಿರ. ವಿಡಿಯೊ ನೋಡುವಾಗ ಎರಡಕ್ಕೂ ಅಂಥ ವ್ಯತ್ಯಾಸ ತೋರುವುದಿಲ್ಲ. ಒತ್ತಕ್ಷರಗಳಲ್ಲಿ ತೋರುತ್ತದೆ. 120 ಹರ್ಟ್ಸ್, 108 ಮೆಗಾಪಿಕ್ಸೆಲ್ ಎಂಬ ದೊಡ್ಡ ಅಂಕಿಗಳನ್ನು ಮುಂದಿಟ್ಟು ಈ ಒಂದು ಸಾಲನ್ನು ಡಬ್ಬದ ಮೂಲೆಗೆ ಸರಿಸಿರುತ್ತಾರೆ. ಕನ್ನಡ ಓದುವವರು ಮೊದಲು ಓದಬೇಕಾದ ಸಾಲು ಅದೇ. ಇಂದು ಫೋನಿನಲ್ಲಿ ಕನ್ನಡ ಕಾಣುವುದು ಸಹಜವೆನಿಸುತ್ತದೆ. ಆದರೆ ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಸೇರಿದ್ದು 2012ರ 4.1 ಆವೃತ್ತಿಯಲ್ಲಿ. ಅದಕ್ಕೆ ಮುಂಚೆ ಹಲವು ಫೋನ್‌ಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು.

ಬರೆಯುವುದಕ್ಕೂ ಅಗಲವೇ ಬೇಕು. ಇಂಗ್ಲಿಷ್ ಕೀಲಿಮಣೆಯ ಮೇಲಿನ ಸಾಲಿನಲ್ಲಿ ಹತ್ತು ಕೀಲಿಗಳು. 68 ಮಿಲಿಮೀಟರ್ ಪರದೆಯಲ್ಲಿ ಒಂದು ಕೀಲಿಗೆ ಏಳು ಮಿಲಿಮೀಟರ್ ಕೂಡ ಸಿಗುವುದಿಲ್ಲ. ಬೆರಳಿಗೆ ಸಿಗುವ ಗುಂಡಿ ಸುಮಾರು ಒಂಬತ್ತು ಮಿಲಿಮೀಟರ್ ಇರಲಿ ಎಂದು ಆ್ಯಪ್ ಮಾಡುವವರಿಗೆ ಗೂಗಲ್ ಹೇಳುತ್ತದೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರ, ಮೇಲೆ ಗುಣಿತ, ಒತ್ತು. ನೇರ ಕನ್ನಡ ಕೀಲಿಮಣೆಯಲ್ಲಿ ಇವೆಲ್ಲ ಇಕ್ಕಟ್ಟಿನಲ್ಲಿ ಕುಳಿತಿರುತ್ತವೆ. ಹೆಬ್ಬೆರಳು ದಪ್ಪ ಇರುವವರಿಗೆ ‘ತ’ ಒತ್ತಿದರೆ ‘ದ’ ಬೀಳುವುದು ನಿತ್ಯದ ಪಾಡು. ಪರದೆ ಎಷ್ಟು ನೀಳವಾದರೂ ಈ ಕೀಲಿಗಳು ಒಂದಿಷ್ಟೂ ಅಗಲವಾಗುವುದಿಲ್ಲ. ಫೋನನ್ನು ಅಡ್ಡ ಹಿಡಿದರೆ ಕೀಲಿ ದೊಡ್ಡದಾಗುತ್ತದೆ, ಬರೆದದ್ದು ಕಾಣಲು ಜಾಗ ಉಳಿಯುವುದಿಲ್ಲ. ಹೆಚ್ಚು ಬರೆಯುವವರು ಧ್ವನಿ ಟೈಪಿಂಗ್ ರೂಢಿಸಿಕೊಳ್ಳುವುದು ಮೇಲು. ಅದು ಈಗ ಕನ್ನಡದಲ್ಲಿ ಬಳಸುವಷ್ಟು ಸುಧಾರಿಸಿದೆ.

ಅಡ್ಡ ಹಿಡಿಯುವ ಮಾತು ಬಂದದ್ದರಿಂದ ಪಿಡಿಎಫ್ ವಿಷಯ ಹೇಳಿಬಿಡುತ್ತೇನೆ. ಪ್ರಶ್ನೆಪತ್ರಿಕೆ, ಸರ್ಕಾರಿ ಸುತ್ತೋಲೆ, ಪಹಣಿ, ಬ್ಯಾಂಕಿನ ಕಾಗದ ಎಲ್ಲವೂ ಎ4 ಹಾಳೆಗೆ ಮಾಡಿದವು. ಆ ಹಾಳೆಯ ಅಗಲ 210 ಮಿಲಿಮೀಟರ್. 68 ಮಿಲಿಮೀಟರ್ ಪರದೆಗೆ ಅದನ್ನು ಹಿಡಿಸಿದರೆ ಮೂರನೇ ಒಂದು ಭಾಗಕ್ಕೆ ಕುಗ್ಗುತ್ತದೆ. 12 ಪಾಯಿಂಟ್‌ನ ಅಕ್ಷರ 4 ಪಾಯಿಂಟ್‌ಗಿಂತ ಕಿರಿದಾಗುತ್ತದೆ, ಮಾತ್ರೆಯ ಸ್ಟ್ರಿಪ್‌ನ ಹಿಂದಿನ ಬರಹಕ್ಕೆ ಸಮ. ಫೋನನ್ನು ಅಡ್ಡ ತಿರುಗಿಸಿದರೆ ಅಗಲ 150 ಮಿಲಿಮೀಟರ್ ಆಗಿ ಅದೇ ಅಕ್ಷರ 8 ಪಾಯಿಂಟ್ ದಾಟುತ್ತದೆ, ಓದಬಹುದು. ನೀಳ ಪರದೆಯ ಉದ್ದ ಓದಿಗೆ ನಿಜವಾಗಿ ಒದಗುವುದು ಇಲ್ಲಿ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮನೆಯ ಒಂದೇ ಫೋನಿನಲ್ಲಿ ಪಾಠದ ಪಿಡಿಎಫ್‌ಗಳನ್ನು ನೆಟ್ಟಗೆ ಹಿಡಿದು, ಚಿವುಟಿ ಹಿಗ್ಗಿಸಿ, ಎಡಕ್ಕೆ ಬಲಕ್ಕೆ ಎಳೆದು ಓದಿದ ಮಕ್ಕಳಿಗೆ ಈ ಸಣ್ಣ ಉಪಾಯ ಹೇಳಿಕೊಡುವವರು ಇದ್ದಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ನಲವತ್ತು ದಾಟಿದ ಮೇಲೆ ಚಾಳೀಸು ಬರುವುದು ಸಹಜ. ಕಣ್ಣಿನ ಮಸೂರ ಬಿಗುವಾಗಿ ಹತ್ತಿರದ್ದು ಮಂಜಾಗುತ್ತದೆ, ಫೋನನ್ನು ದೂರ ದೂರ ಹಿಡಿಯುತ್ತೇವೆ. ಅಪ್ಪ ಅಮ್ಮನಿಗೆ ಅಕ್ಷರ ಕಾಣುವುದಿಲ್ಲವೆಂದು ಮಕ್ಕಳು ದೊಡ್ಡ ಫೋನ್ ತಂದುಕೊಡುತ್ತಾರೆ. ಒಳ್ಳೆಯದೇ. ಆದರೆ ದೊಡ್ಡ ಪರದೆ ತಾನಾಗಿ ಅಕ್ಷರವನ್ನು ದೊಡ್ಡದು ಮಾಡುವುದಿಲ್ಲ, ಹೆಚ್ಚಿನ ಸಾಲುಗಳನ್ನು ತುಂಬಿಕೊಳ್ಳುತ್ತದೆ ಅಷ್ಟೇ. ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಎಂಬಲ್ಲಿ ಹೋದರೆ ಎರಡು ಹೊಂದಾಣಿಕೆಗಳಿವೆ: ಒಂದು ಅಕ್ಷರದ ಗಾತ್ರಕ್ಕೆ, ಇನ್ನೊಂದು ಗುಂಡಿ, ಚಿತ್ರ ಎಲ್ಲದರ ಗಾತ್ರಕ್ಕೆ. ಎರಡನ್ನೂ ಹೆಚ್ಚಿಸಬೇಕು. 2023ರ ಆಂಡ್ರಾಯ್ಡ್ 14ರಿಂದ ಅಕ್ಷರವನ್ನು ಎರಡು ಪಟ್ಟಿನವರೆಗೆ ಹಿಗ್ಗಿಸಬಹುದು. ತುಮಕೂರಿನಲ್ಲಿರುವ ನಮ್ಮ ದೊಡ್ಡಮ್ಮನ ಹೊಸ ಫೋನಿನಲ್ಲಿ ಇದನ್ನು ಮಾಡಿಕೊಟ್ಟಾಗ ಅವರು ಕೇಳಿದ ಪ್ರಶ್ನೆ: ‘ಇದು ಮೊದ್ಲಿನ ಫೋನ್‌ನಲ್ಲೂ ಇತ್ತೇನಪ್ಪಾ?’ ಇತ್ತು. ಹೊಸದು ಕೊಳ್ಳುವ ಮುಂಚೆ ಹಳೆಯದರಲ್ಲಿ ಇಷ್ಟನ್ನು ಮಾಡಿ ನೋಡಿದರೆ ಕೆಲವು ಮನೆಗಳಲ್ಲಿ ಹೊಸ ಫೋನೇ ಬೇಕಾಗುವುದಿಲ್ಲ.

ಕೈಯ ಕಡೆ ಬರೋಣ. ಮೊದಲ ಐಫೋನ್ 135 ಗ್ರಾಂ ತೂಗುತ್ತಿತ್ತು. ಜನ ಹೌಹಾರಿದ ಗ್ಯಾಲಕ್ಸಿ ನೋಟ್ 178 ಗ್ರಾಂ. ಐಫೋನ್ 16 ಪ್ರೊ ಮ್ಯಾಕ್ಸ್ 227 ಗ್ರಾಂ. ಹಿಂದಿನ ಕವರು, ಟೆಂಪರ್ಡ್ ಗ್ಲಾಸು ಸೇರಿದರೆ ಕಾಲು ಕೆ.ಜಿ. ದಾಟುತ್ತದೆ. ಸ್ಟೀವನ್ ಹೂಬರ್ ಎಂಬ ವಿನ್ಯಾಸಕಾರ 2013ರಲ್ಲಿ ಬೀದಿ, ಬಸ್ ನಿಲ್ದಾಣ, ಕೆಫೆ, ರೈಲುಗಳಲ್ಲಿ 1,333 ಮಂದಿ ಫೋನ್ ಬಳಸುವುದನ್ನು ಗಮನಿಸಿ ಬರೆದಿದ್ದರು. ಅವರಲ್ಲಿ ಪರದೆ ಮುಟ್ಟಿ ಬಳಸುತ್ತಿದ್ದವರ ಪೈಕಿ ಶೇ 49ರಷ್ಟು ಮಂದಿ ಒಂದೇ ಕೈಯಲ್ಲಿ ಬಳಸುತ್ತಿದ್ದರು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದವರಿಗೆ, ಕಂಕುಳಲ್ಲಿ ಮಗು ಇರುವವರಿಗೆ, ತರಕಾರಿ ಚೀಲ ಹಿಡಿದು ಕ್ಯೂಆರ್ ಸ್ಕ್ಯಾನ್ ಮಾಡುವವರಿಗೆ ಬೇರೆ ದಾರಿ ಇಲ್ಲ. ಅಂಥವರ ಹೆಬ್ಬೆರಳು ದೊಡ್ಡ ಫೋನಿನ ಮೇಲಿನ ಮೂಲೆಗೆ ಎಟುಕುವುದಿಲ್ಲ. ಎಟುಕಿಸಲು ಹೋಗಿ ಫೋನನ್ನು ಅಂಗೈಯಲ್ಲಿ ಜಾರಿಸುತ್ತಾರೆ, ಕಿರುಬೆರಳಿನ ಮೇಲೆ ಭಾರ ಹೊರಿಸುತ್ತಾರೆ. ಫೋನ್ ಕೆಳಗೆ ಬೀಳುವುದು ಹೆಚ್ಚಾಗಿ ಆ ಗಳಿಗೆಯಲ್ಲೇ.

ಹೆಂಗಸರ ಪಾಲಿಗೆ ಈ ತೊಂದರೆ ಇಮ್ಮಡಿ. ಸರಾಸರಿಯಲ್ಲಿ ಅವರ ಕೈ ಸಣ್ಣದು, ಉಡುಪಿನಲ್ಲಿ ಜೇಬಿಲ್ಲ. ಸೀರೆ ಉಡುವವರು ಫೋನನ್ನು ಕೈಯಲ್ಲೇ ಹಿಡಿದು ಓಡಾಡಬೇಕು, ಇಲ್ಲವೇ ಸೊಂಟಕ್ಕೆ ಸಿಕ್ಕಿಸಿದ ಪರ್ಸಿನಲ್ಲಿ ಇಡಬೇಕು, ಆ ಪರ್ಸಿನಲ್ಲಿ ಇಂದಿನ ಫೋನ್ ಹಿಡಿಸುವುದಿಲ್ಲ. ಗಂಡಸರಲ್ಲಿಯೂ ಪಂಚೆ, ಲುಂಗಿ ಉಡುವವರಿಗೆ ಅಂಗಿಯ ಜೇಬೇ ಗತಿ. ಹೊಲದಲ್ಲಿ ಬಗ್ಗಿದರೆ, ಬಾವಿಯ ಕಟ್ಟೆಗೆ ಒರಗಿದರೆ ಮೇಲ್ಭಾರದ ಫೋನು ಜಾರಿ ಬೀಳುತ್ತದೆ. ಇದನ್ನೆಲ್ಲ ಯೋಚಿಸಿ ಮಾಡಿದ ಫೋನ್ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸಣ್ಣ ಫೋನ್ ಬೇಕೆನ್ನುವವರಿಗೆ ಆಯ್ಕೆಯೂ ಕಡಿಮೆಯಾಗುತ್ತಿದೆ. ಆಪಲ್ 2020, 2021ರಲ್ಲಿ 5.4 ಇಂಚಿನ ಮಿನಿ ತಂದಿತು. 2022ರಲ್ಲಿ ಹೊಸ ಮಿನಿಯ ಬದಲು 6.7 ಇಂಚಿನ ಪ್ಲಸ್ ಬಂತು. ಕೈ ಸಣ್ಣದಿರುವವರ ಬೇಡಿಕೆ ಅಷ್ಟಕ್ಕೇ ಮುಗಿದಂತೆ ಮಾರುಕಟ್ಟೆ ನಡೆದುಕೊಳ್ಳುತ್ತಿರುವುದು ನನಗೆ ಸರಿ ಕಾಣುವುದಿಲ್ಲ.

ಈಗಾಗಲೇ ದೊಡ್ಡ ಫೋನ್ ಕೈಯಲ್ಲಿರುವವರಿಗೆ ಕೆಲವು ಅನುಕೂಲಗಳು ಒಳಗೇ ಅಡಗಿವೆ. ಐಫೋನಿನಲ್ಲಿ 2014ರಿಂದಲೂ, ಆಂಡ್ರಾಯ್ಡ್‌ನಲ್ಲಿ 2021ರ 12ನೇ ಆವೃತ್ತಿಯಿಂದಲೂ ಒಂದು ಕೈಯ ಬಳಕೆಯ ವ್ಯವಸ್ಥೆ ಇದೆ. ಅದನ್ನು ಚಾಲೂ ಮಾಡಿಕೊಂಡರೆ ಪರದೆಯ ಕೆಳತುದಿಯಲ್ಲಿ ಬೆರಳನ್ನು ಕೆಳಕ್ಕೆ ಎಳೆದಾಗ ಮೇಲಿನದೆಲ್ಲ ಕೆಳಗಿಳಿದು ಹೆಬ್ಬೆರಳಿಗೆ ಸಿಗುತ್ತದೆ. ಜಿಬೋರ್ಡ್ ಕೀಲಿಮಣೆಯನ್ನೂ ಒಂದು ಬದಿಗೆ ಸರಿಸಿಕೊಳ್ಳಬಹುದು.

ದುಡಿಮೆಗೆ ಫೋನ್ ಬಳಸುವವರ ಲೆಕ್ಕ ಬೇರೆ. 2020ರ ಮುಂಗಾರಿನಲ್ಲಿ ನಮ್ಮ ರಾಜ್ಯದ ರೈತರು ತಮ್ಮ ಬೆಳೆಯ ವಿವರವನ್ನು ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ತಾವೇ ದಾಖಲಿಸುವುದು ಶುರುವಾಯಿತು. ಅಂಗನವಾಡಿ ಕಾರ್ಯಕರ್ತೆಯರು 2021ರಿಂದ ಪೋಷಣ್ ಟ್ರ್ಯಾಕರ್‌ನಲ್ಲಿ ಮಕ್ಕಳ ತೂಕ, ಎತ್ತರ ತುಂಬುತ್ತಾರೆ. ಸರ್ವೆ ನಂಬರು ನೋಡಲು ದಿಶಾಂಕ್ ಆ್ಯಪ್ ಇದೆ. ಕಾಲಂ ಕಾಲಂ ತುಂಬುವ, ನಕ್ಷೆಯಲ್ಲಿ ಗಡಿ ಗುರುತಿಸುವ ಈ ಕೆಲಸಗಳಿಗೆ ದೊಡ್ಡ ಪರದೆ ನಿಜಕ್ಕೂ ಬೇಕು. ಜತೆಗೆ ಬೇಕಾದದ್ದು ಬೆಳಕು. ಮಧ್ಯಾಹ್ನದ ಬಿಸಿಲಲ್ಲಿ ಹೊಲದ ಬದುವಿನಲ್ಲಿ ನಿಂತಾಗ ಪರದೆ ಮಂಕಾದರೆ ಅದು ಎಷ್ಟು ಇಂಚಿದ್ದರೂ ಉಪಯೋಗವಿಲ್ಲ. ಬೆಳಕಿನ ಅಳತೆಯನ್ನು ನಿಟ್ಸ್‌ನಲ್ಲಿ ಹೇಳುತ್ತಾರೆ. ಅದನ್ನು ನೆನಪಿಡುವುದು ಕಷ್ಟವಾದರೆ ಅಂಗಡಿಯ ಡೆಮೊ ಫೋನನ್ನು ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿದರೆ ಸಾಕು. ತಂತಿ ಕಟ್ಟಿದ್ದಾರೆಂದು ಸಂಕೋಚ ಬೇಡ, ಬಿಚ್ಚಿಕೊಡಲು ಹೇಳಿ.

ಪರದೆ ದೊಡ್ಡದಾದಷ್ಟೂ ಒಡೆದಾಗಿನ ಖರ್ಚೂ ದೊಡ್ಡದು. ಈಗ ಗಾಜು, ಟಚ್, ಡಿಸ್‌ಪ್ಲೇ ಮೂರನ್ನೂ ಅಂಟಿಸಿ ಒಂದೇ ಹಾಳೆ ಮಾಡಿರುತ್ತಾರೆ. ರಿಪೇರಿ ಅಂಗಡಿಗಳಲ್ಲಿ ಅದಕ್ಕೆ ‘ಕಾಂಬೊ’ ಎನ್ನುತ್ತಾರೆ. ಮೇಲಿನ ಗಾಜು ಬಿರುಕು ಬಿಟ್ಟರೂ ಸಾಮಾನ್ಯವಾಗಿ ಇಡೀ ಕಾಂಬೊ ಬದಲಿಸಬೇಕು. ಅಮೊಲೆಡ್ ಪರದೆಯ ಕಾಂಬೊ ಎಲ್‌ಸಿಡಿಯದಕ್ಕಿಂತ ದುಬಾರಿ, ಅಂಚು ಬಾಗಿದ ಪರದೆಯದು ಇನ್ನೂ ದುಬಾರಿ. ಹಾಗೆಂದು ಅಮೊಲೆಡ್ ಬೇಡವೆಂದಲ್ಲ. ಅದರಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಇರುವಲ್ಲಿ ಆರಿರುತ್ತದೆ. ಆದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ಓದಿದರೆ ಬ್ಯಾಟರಿ ಉಳಿಯುತ್ತದೆ. ಬಾಗಿದ ಅಂಚು ಮಾತ್ರ ಬೇಡವೇ ಬೇಡ. ಟೆಂಪರ್ಡ್ ಗ್ಲಾಸು ಸರಿಯಾಗಿ ಕೂರುವುದಿಲ್ಲ, ಸಾಲಿನ ಕೊನೆಯ ಅಕ್ಷರ ಬಾಗಿದ ಕಡೆ ಹೊಳೆದು ಮರೆಯಾಗುತ್ತದೆ. ಫೋನ್ ಕೊಳ್ಳುವ ಮುನ್ನ ಅದೇ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ‘ಈ ಮಾಡೆಲ್ಲಿನ ಡಿಸ್‌ಪ್ಲೇ ಬದಲಿಸಲು ಎಷ್ಟಾಗುತ್ತೆ’ ಎಂದು ಕೇಳಿ. ಸಿಗುವ ಉತ್ತರ ಕೆಲವೊಮ್ಮೆ ಮನಸ್ಸನ್ನೇ ಬದಲಿಸುತ್ತದೆ.

ಮಡಚುವ ಫೋನ್‌ಗಳು 2019ರಲ್ಲಿ ಗ್ಯಾಲಕ್ಸಿ ಫೋಲ್ಡ್‌ನಿಂದ ನಮ್ಮ ದೇಶಕ್ಕೆ ಬಂದವು. ಬಿಚ್ಚಿದರೆ 7.3 ಇಂಚು, ಆಕಾರ ಚೌಕಕ್ಕೆ ಹತ್ತಿರ. ಕನ್ನಡದ ಸಾಲಿಗೆ ಹೇಳಿ ಮಾಡಿಸಿದ ಅಗಲ. ಆಗ ಬೆಲೆ ಒಂದೂವರೆ ಲಕ್ಷಕ್ಕೂ ಹೆಚ್ಚಿತ್ತು. ಇಂದಿಗೂ ಅವು ಹೆಚ್ಚಿನವರ ಕೈಗೆ ಎಟುಕುವುದಿಲ್ಲ.

ನನ್ನ ತೀರ್ಮಾನ ಹೀಗಿದೆ. ಫೋನಿನಲ್ಲಿ ಕನ್ನಡ ಓದುವವರು, ಫಾರಂ ತುಂಬುವವರು, ಚಾಳೀಸು ಬಂದವರು ದೊಡ್ಡ ಪರದೆಯದನ್ನೇ ಕೊಳ್ಳಲಿ. ಪರದೆಯ ಅಗಲ 70 ಮಿಲಿಮೀಟರಿಗೆ ಹತ್ತಿರವಿರಲಿ, ಅಡ್ಡಕ್ಕೆ 1080 ಚುಕ್ಕಿ ಇರಲಿ, ತೂಕ 200 ಗ್ರಾಂ ಮೀರದಿರಲಿ. ಕರೆ, ವಾಟ್ಸ್‌ಆ್ಯಪ್, ಹಣ ಪಾವತಿಗಷ್ಟೇ ಬಳಸುವವರು ಇಂಚಿನ ಹಿಂದೆ ಹೋಗಬೇಕಿಲ್ಲ, ಅಂಗೈಯಲ್ಲಿ ಕೂರುವುದನ್ನು ಹುಡುಕಲಿ. ಡಬ್ಬದ ಮೇಲೆ ಕರ್ಣದ ಪಕ್ಕದಲ್ಲಿ ಅಗಲವನ್ನೂ ತೂಕವನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ ಎಂದು ಕಂಪನಿಗಳನ್ನು ನಾವು ಕೇಳಬೇಕು. ಅಂಗಡಿಗೆ ಹೋಗುವಾಗ ಜೇಬಿನಲ್ಲೊಂದು ಸ್ಕೇಲ್ ಇರಲಿ. ಹಳೆಯ ಫೋನಿನಿಂದ ಕನ್ನಡದ ಒಂದು ಪಿಡಿಎಫ್ ಅನ್ನು ಡೆಮೊ ಫೋನಿಗೆ ಕಳಿಸಿ, ಕವರು ಹಾಕಿಸಿ, ಒಂದೇ ಕೈಯಲ್ಲಿ ಹಿಡಿದು ನಿಂತು ಅರ್ಧ ಪುಟ ಓದಿ ನೋಡಿ. ಒತ್ತಕ್ಷರ ತಡವರಿಸದೆ ಕಂಡು, ಕಿರುಬೆರಳು ನೋಯದಿದ್ದರೆ ಬಿಲ್ ಮಾಡಿಸಿ.